ಮೇಷ್ಟ್ರ ಉಪವಾಸಗಳು

ಪ್ರೀತಿಸಿದವರು ಸೀರೆ ಕೊಡಿಸುತ್ತಾರೆ, ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನನ್ನು ಪ್ರೀತಿಸಿದ ಮೇಷ್ಟ್ರು ಊಟ ಬಿಡುತ್ತಿದ್ದರು.

ನಾನು ಯಾರ ಜೊತೆ ನಕ್ಕು ಮಾತಾಡಿದೆ, ಫೋನನ್ನು ಯಾಕೆ ತಡವಾಗಿ ಎತ್ತಿದೆ, ಕೂದಲನ್ನು ಯಾಕೆ ಬಿಟ್ಟುಕೊಂಡೆ ಎಂಬುದರ ಮೇಲೆ ಅವರ ಮಧ್ಯಾಹ್ನದ ಊಟ ನಿಂತಿರುತ್ತಿತ್ತು. ಚನ್ನಗಿರಿಯಲ್ಲಿ ಅವರ ಹೊಟ್ಟೆ ಖಾಲಿಯಿದ್ದರೆ ಅದಕ್ಕೆ ನ್ಯಾಮತಿಯಲ್ಲಿದ್ದ ನಾನು ಹೊಣೆ. ಆಗ ನಾನು ಟಿಫಿನ್ ಕ್ಯಾರಿಯರ್ ಹಿಡಿದು ಹೊನ್ನಾಳಿಗೆ ಒಂದು ಬಸ್ಸು, ಅಲ್ಲಿಂದ ಚನ್ನಗಿರಿಗೆ ಇನ್ನೊಂದು ಬಸ್ಸು ಹತ್ತಿ ಹೋಗಿ, ಬಸ್ ಸ್ಟ್ಯಾಂಡಿನ ಹಿಂದಿನ ಪಾರ್ಕಿನಲ್ಲಿ ಅವರಿಗೆ ಉಣ್ಣಿಸಿ ಬರುತ್ತಿದ್ದೆ. ಮೊದಲು ಬೇಡವೆನ್ನುತ್ತಿದ್ದರು. ಕೈ ಹಿಡಿದು ಬೇಡಿಕೊಂಡ ಮೇಲೆ ಒಂದು ತುತ್ತು. ಆಮೇಲೆ ಕ್ಯಾರಿಯರ್ ತೊಳೆದಷ್ಟು ಸ್ವಚ್ಛ.

ನಾನು ಜಗಳೂರು ಕಡೆಯವಳು, ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ದನಕ್ಕೆ ಲಸಿಕೆ ಹಾಕುವುದು, ಗಾಯಕ್ಕೆ ಔಷಧಿ ಹಚ್ಚುವುದು ನನ್ನ ಕೆಲಸ. ಹಳ್ಳಿಯವರು ಡಾಕ್ಟ್ರಮ್ಮ ಎನ್ನುತ್ತಾರೆ. ಮೂಗುದಾರ ಕಿತ್ತುಕೊಂಡು ಓಡುವ ಹೋರಿಯನ್ನು ನಾಲ್ಕು ಜನ ಹಿಡಿದಾಗ ಹೋಗಿ ಸೂಜಿ ಚುಚ್ಚಿ ಬರುವ ಹೆಂಗಸು ನಾನು. ಒಬ್ಬ ಗಂಡಸು ಊಟ ಬಿಟ್ಟರೆ ಮಾತ್ರ ಸೂಜಿ ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ.

ಮೇಷ್ಟ್ರ ಪರಿಚಯವಾದದ್ದು ನ್ಯಾಮತಿಯ ಒಂದು ಮಹಿಳಾ ಕಾರ್ಯಕ್ರಮದಲ್ಲಿ. ಅವರು ಚನ್ನಗಿರಿಯ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು, ಅವತ್ತಿನ ಮುಖ್ಯ ಭಾಷಣಕಾರರು. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಎದುರಿಗೆ ಕೂತಿದ್ದ ಹೆಂಗಸರಿಗೆ ಮನೆಗೆ ಹೋಗಿ ಅಡಿಗೆ ಮಾಡಲು ತಡವಾಗುತ್ತಿದೆ ಎಂಬುದೂ ಅವರಿಗೆ ಗೊತ್ತಾಗಲಿಲ್ಲ. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಇಳಿದು ಬಂದಾಗ ಅವರು ಹೇಳಿದರು, "ನಿಮ್ಮ ಕನ್ನಡದಲ್ಲಿ ಜಗಳೂರಿನ ಮಣ್ಣಿದೆ. ಅದನ್ನು ಎಂದೂ ಕಳೆದುಕೊಳ್ಳಬೇಡಿ."

ಮೂರನೇ ಭೇಟಿಯ ಹೊತ್ತಿಗೆ ಆ ಮಣ್ಣನ್ನು ತೊಳೆಯುವ ಕೆಲಸ ಶುರುವಾಗಿತ್ತು. 'ಐತೆ' ಅನ್ನಬೇಡ, 'ಇದೆ' ಅನ್ನು. ಸ್ಕೂಟಿಯಲ್ಲಿ ಹೋಗುವಾಗ ಹಾಡಬೇಡ. ಅವರು ನನ್ನನ್ನು ನೀನು ಎನ್ನುತ್ತಿದ್ದರು, ನಾನು ಅವರನ್ನು ನೀವು ಎನ್ನುತ್ತಿದ್ದೆ. ಸಮಾನತೆಯ ಮೇಲೆ ಅವರ ಭಾಷಣ ಬೇರೆ ಊರುಗಳಲ್ಲಿ ನಡೆದೇ ಇತ್ತು.

ಅವರು ಬೇಡ ಎಂದು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಅದೇ ಅವರ ಜಾಣತನ. ಆಗ ನಾನು ಹೊನ್ನಾಳಿಯಲ್ಲಿ ಒಬ್ಬ ನರ್ಸ್ ಗೆಳತಿಯ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಅಲ್ಲಿಂದಲೇ ನ್ಯಾಮತಿಗೆ ಸ್ಕೂಟಿಯಲ್ಲಿ ಓಡಾಟ. ಗೆಳತಿಯ ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮೇಷ್ಟ್ರು ಒಮ್ಮೆ ಬಂದು ಚಹಾ ಕುಡಿದು ಹೋದರು. ಮರುದಿನ ಫೋನಿನಲ್ಲಿ ನಿಟ್ಟುಸಿರು ಬಿಟ್ಟರು.

"ಆಕೆ ಒಳ್ಳೆಯ ಹುಡುಗಿಯೇ ಇರಬಹುದು. ನಾನು ಏನೂ ಹೇಳುವುದಿಲ್ಲ. ಆದರೆ ನಿನ್ನನ್ನು ಆಕೆಯ ಪಕ್ಕದಲ್ಲಿ ನೋಡಿದಾಗ ನನ್ನೊಳಗೆ ಏನೋ ಮುರಿಯಿತು."

ಆ ಮುರಿದ ವಸ್ತು ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೆ ಪಟ್ಟಿ ಕಟ್ಟಲು ಮೇಷ್ಟ್ರು ಊಟ ಬಿಟ್ಟರು, ನಾನು ಮನೆ ಬಿಟ್ಟೆ. ನ್ಯಾಮತಿಯಲ್ಲಿ ಒಂದು ಒಂಟಿ ರೂಮು ಹಿಡಿದೆ. ಸಾಮಾನು ಕಟ್ಟುವಾಗ ಗೆಳತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾಕೆ ಹೋಗ್ತಿದಿಯ ಅಂತ ಹೇಳಾಕಾದ್ರೂ ಬರ್ತೈತೇನೆ ನಿಂಗೆ?" ಎಂದು ಕೇಳಿದಳು.

"ಡ್ಯೂಟಿಗೆ ಹತ್ರ ಆಗ್ತದೆ" ಎಂದೆ. ನನ್ನ ಬಾಯಲ್ಲಿ 'ಆಗ್ತೈತೆ' ಹೋಗಿ 'ಆಗ್ತದೆ' ಬಂದದ್ದನ್ನು ಕೇಳಿ ಅವಳು ಒಳಗೆ ಹೋದಳು.

ಆಮೇಲೆ ಫೋನಿನಲ್ಲಿ, ನಾನು ಎಲ್ಲಿದ್ದೇನೆಂದು ಅವರಿಗೆ ಸದಾ ತೋರಿಸುವ ಲೈವ್ ಲೊಕೇಶನ್ ಬಂತು. ನನ್ನ ಮೇಲಿನ ಕಾಳಜಿಗಾಗಿ. ಆಮೇಲೆ ವಿಡಿಯೋ ಕಾಲ್ ಬಂತು. ಅದೂ ಕಾಳಜಿಗೇ. ಗೋವಿನಕೋವಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದ ದಿನ, ಒಂದು ಎಮ್ಮೆಯ ಪಕ್ಕ ನಿಂತು ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಾಗ ಕಾಲ್ ಬಂತು. ಎತ್ತದಿದ್ದರೆ ಮಧ್ಯಾಹ್ನದ ಊಟ ಹೋಗುತ್ತದೆಂದು ಎತ್ತಿದೆ.

"ಸುತ್ತ ಯಾರಿದ್ದಾರೆ, ತೋರಿಸು" ಎಂದರು.

ಫೋನನ್ನು ಸುತ್ತಲೂ ತಿರುಗಿಸಿದೆ. ಎಮ್ಮೆ, ಎಮ್ಮೆಯ ಯಜಮಾನ, ಗೊಬ್ಬರದ ಗುಂಡಿ, ಐಸ್ ಬಾಕ್ಸ್ ಎಲ್ಲ ಕಂಡವು. ಯಜಮಾನನಿಗೆ ಎಪ್ಪತ್ತರ ಆಸುಪಾಸು. ಮೇಷ್ಟ್ರು ಕೇಳಿದರು, "ಆ ಗಂಡಸು ಯಾಕೆ ಅಷ್ಟು ಹತ್ತಿರ ನಿಂತಿದ್ದಾನೆ?"

"ಎಮ್ಮೆ ಹಿಡ್ಕೊಂಡಿದಾರೆ" ಎಂದೆ.

ಯಜಮಾನ ಹಗ್ಗ ಬಿಡದೆ ವಿಚಾರಿಸಿದ. "ಯಾರವ್ವ ಅದು ಫೋನಾಗೆ?"

"ಆಫೀಸಿನೋರು."

"ಎಮ್ಮಿ ಲೆಕ್ಕ ಕೇಳ್ತಾರೇನು?"

"ಹೂಂ" ಎಂದೆ. ಆ ಮನುಷ್ಯ ಪಾಪ, ಕೊಟ್ಟಿಗೆಯ ಒಳಗಿದ್ದ ಕರುವನ್ನೂ ತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ.

ಇಷ್ಟೆಲ್ಲ ನಾನು ಸಹಿಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. ನಮ್ಮದು ಊರಾಚೆಯ ಕೇರಿಯಲ್ಲಿ, ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ. ಅಪ್ಪ ಕುರಿ ಸಾಕುತ್ತಾನೆ, ಅವ್ವ ಕೂಲಿಗೆ ಹೋಗುತ್ತಿದ್ದವಳು ಈಗ ಸ್ವಂತದ ತುಂಡು ಹೊಲದಲ್ಲಿ ಶೇಂಗಾ ಬೆಳೆಯುತ್ತಾಳೆ. ಮೇಷ್ಟ್ರದು ಅಡಿಕೆ ವ್ಯಾಪಾರದ ಮನೆತನ. "ನಿನಗಾಗಿ ನನ್ನ ಮನೆಯಲ್ಲಿ ದಿನವೂ ಯುದ್ಧ ನಡೆಯುತ್ತಿದೆ. ನನ್ನ ತಾಯಿ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ" ಎನ್ನುತ್ತಿದ್ದರು. ಯಾರೋ ಒಬ್ಬರು ನನ್ನ ಸಲುವಾಗಿ ಹೆತ್ತ ತಾಯಿಯನ್ನೇ ಎದುರು ಹಾಕಿಕೊಂಡಿರುವಾಗ, ಕೂದಲು ಕಟ್ಟಿಕೊಳ್ಳುವುದು ಏನು ದೊಡ್ಡದು ಎಂದು ನನಗನ್ನಿಸುತ್ತಿತ್ತು. ಯುದ್ಧಭೂಮಿ ಎಲ್ಲಿದೆ ಎಂದು ಮಾತ್ರ ಅವರು ಎಂದೂ ತೋರಿಸಿರಲಿಲ್ಲ. ಮನೆ ಚನ್ನಗಿರಿಯಲ್ಲಿ ಎಂದಷ್ಟೇ ಗೊತ್ತಿತ್ತು.

ಅದನ್ನು ನನಗೆ ತೋರಿಸಿದ್ದು ನಮ್ಮ ಇಲಾಖೆ. ಲಸಿಕೆ ಹಾಕಲು ಅಲ್ಲಿ ಜನ ಸಾಲದೆಂದು ನನ್ನನ್ನು ಒಂದು ವಾರ ಚನ್ನಗಿರಿ ತಾಲೂಕಿಗೆ ಹಾಕಿದರು. ಮೇಷ್ಟ್ರಿಗೆ ಹೇಳೋಣವೆಂದರೆ ಅವರು ಆ ದಿನಗಳಲ್ಲಿ ಉಪವಾಸದಲ್ಲಿದ್ದರು, ಜೊತೆಗೆ ಮೌನವನ್ನೂ ಸೇರಿಸಿಕೊಂಡು ಫೋನನ್ನೇ ಮುಟ್ಟುತ್ತಿರಲಿಲ್ಲ. ಯಾಕೆಂದರೆ ನಾನು ಅವರನ್ನು ಕೇಳದೆ ಸಹೋದ್ಯೋಗಿಯ ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ದೆ.

ಊರಂಚಿನ ಒಂದು ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಾ ಒಂದು ದೊಡ್ಡ ಮನೆಯ ಹಿತ್ತಿಲಿಗೆ ಬಂದೆ. ಎರಡು ಜರ್ಸಿ ಹಸುಗಳಿದ್ದವು. ಮನೆಯ ಯಜಮಾನಿ ತುಂಬು ಮೈಯವರು, ಹಣೆಯಲ್ಲಿ ವಿಭೂತಿ, ಮಾತು ಪ್ರೀತಿಯದು. ಹಸುವಿನ ಕುತ್ತಿಗೆ ತಾವೇ ಹಿಡಿದುಕೊಂಡರು. ಮೊದಲ ಹಸುವಿಗೆ ಸೂಜಿ ಹಾಕಿದ ಮೇಲೆ ಕಾಫಿ ಕೊಡುತ್ತೇನೆಂದು ಒಳಗೆ ಕರೆದರು. ನಡುಮನೆಯ ಗೋಡೆಯ ಮೇಲೆ, ಶಾಲು ಹೊದ್ದು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

ನಾನು ಹಿಂದಿನ ಬಾಗಿಲಿಗೇ ವಾಪಸು ಬಂದು, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಮ್ಮ ಅಲ್ಲಿಗೇ ಕಾಫಿ ತಂದರು.

"ಯಾವೂರಮ್ಮ ನಿಂದು?"

"ಜಗಳೂರು ಕಡೆ."

"ಜಗಳೂರಾಗೆ ಯಾರ ಪೈಕಿ?"

ಹೇಳಿದೆ. ಜಾತಿ ತಿಳಿದು, ಲೋಟ ಕೊಡುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅವರೇ ಸುಧಾರಿಸಿಕೊಂಡರು. "ಇರ್ಲಿ ಬಿಡಮ್ಮ. ಹಸುಗೇನು ಗೊತ್ತಾಗ್ತೈತೆ."

ಯುದ್ಧ ನಡೆಯುತ್ತಿರುವ ಮನೆಯಲ್ಲಿ ಶತ್ರುವಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ಕಾಫಿ ಕುಡಿದೆ. ಲೋಟ ಕೆಳಗಿಟ್ಟು ಕೇಳಿಯೇಬಿಟ್ಟೆ. "ಆ ಫೋಟೋದಾಗೆ ಇರೋರು ಯಾರಮ್ಮ?"

"ನಮ್ಮ ಹುಡುಗ. ಲೆಕ್ಚರರು. ಬಂಗಾರದಂಥೋನು ಕಣಮ್ಮ. ಶಿವಮೊಗ್ಗ ಕಡೆ ಒಂದು ಹುಡುಗಿ ನೋಡಿದೀವಿ. ನೀವು ಯಾರನ್ನ ತೋರಿಸ್ತೀರೋ ಅವಳನ್ನ ಆಗ್ತೀನಿ ಅಂದಾನೆ. ಈಗಿನ ಕಾಲ್ದಾಗೆ ಇಂಥ ಮಕ್ಕಳು ಎಲ್ಲಿ ಸಿಗ್ತಾವೆ? ಹಟ ಇಲ್ಲ, ಸಿಟ್ಟಿಲ್ಲ. ಊಟ ಒಂದು ಹೊತ್ತಿಗೆ ಸರಿಯಾಗಿ ಆಗ್ಬೇಕು, ಅಷ್ಟೇ. ಸಣ್ಣೋನಿದ್ದಾಗಿಂದಾನೂ ಹಸಿವು ತಡಿಯಂಗಿಲ್ಲ."

ಎರಡನೇ ಹಸುವಿನ ಹತ್ತಿರ ಹೋಗಿ ಸಿರಿಂಜು ತುಂಬಿಸಿಕೊಳ್ಳುತ್ತಿದ್ದೆ. ಹೊರಗೆ ಬೈಕು ನಿಂತ ಸದ್ದಾಯಿತು. ಹಿತ್ತಿಲವರೆಗೂ ದನಿ ಬಂತು.

"ಅವ್ವಾ, ಬಡಿಸು ಬೇಗ. ಹಸಿದು ಸಾಯಾಕೆ ಹತ್ತೀನಿ."

ನನ್ನ ಜೊತೆ ಮೇಷ್ಟ್ರು ಮಾತಾಡುತ್ತಿದ್ದುದು ಅಚ್ಚಾದ ಪುಸ್ತಕದಂಥ ಕನ್ನಡ. ನೋವಾದಾಗಲಂತೂ ವ್ಯಾಕರಣ ಇನ್ನೂ ಶುದ್ಧವಾಗುತ್ತಿತ್ತು. ಹಸಿವಾದರೆ ಅವರೂ ನಮ್ಮಂತೆಯೇ ಮಾತಾಡುತ್ತಾರೆಂದು ಆವತ್ತು ತಿಳಿಯಿತು. ಅಡಿಗೆಮನೆಯ ಕಿಟಕಿ ಹಿತ್ತಿಲಿಗೇ ತೆರೆದಿತ್ತು. ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಗಟ್ಟಿ ಮೊಸರು. ಇನ್ನೊಂದು ರೊಟ್ಟಿ ಕೇಳಿ ತಟ್ಟೆ ಚಾಚಿದವರು ಕಿಟಕಿಯ ಕಡೆ ತಿರುಗಿದರು. ನಾನು ಹಸುವಿನ ಬೆನ್ನಿನಾಚೆ ಸಿರಿಂಜು ಹಿಡಿದು ನಿಂತಿದ್ದೆ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನುಂಗಲಿಲ್ಲ, ಉಗುಳಲಿಲ್ಲ. ಆಮೇಲೆ ತಲೆ ತಗ್ಗಿಸಿ, ನನ್ನ ಗುರುತೇ ಇಲ್ಲದವರಂತೆ ಅಗಿಯಲು ಶುರು ಮಾಡಿದರು.

ಇಷ್ಟಾದ ಮೇಲೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವತ್ತು ಸಂಜೆ ಮೌನವ್ರತ ಮುರಿದು ಮೇಷ್ಟ್ರೇ ಫೋನ್ ಮಾಡಿದರು.

"ನೀನು ನನ್ನ ನಂಬಿಕೆಯನ್ನು ಕೊಂದೆ. ನನಗೆ ತಿಳಿಸದೆ, ಕಳ್ಳಿಯಂತೆ ನನ್ನ ಮನೆಗೆ ಬಂದೆ. ತಾಯಿಯ ಮನಸ್ಸು ನೋಯಬಾರದೆಂದು ನಾನು ಉಣ್ಣಬೇಕಾಯಿತು. ಒಂದೊಂದು ತುತ್ತೂ ನನಗೆ ವಿಷವಾಗಿತ್ತು. ಅದನ್ನು ನೀನು ನಿಂತು ನೋಡಿದೆ."

"ನನಗೆ ನಿಮ್ಮನೆ ಅಂತ ಗೊತ್ತಿರ್ಲಿಲ್ಲ. ಡ್ಯೂಟಿ ಮೇಲೆ ಬಂದಿದ್ದೆ."

"ಬೇರೆ ಯಾರನ್ನಾದರೂ ಕಳುಹಿಸಬಹುದಿತ್ತು. ಪ್ರೀತಿಯಿದ್ದಿದ್ದರೆ ನಿನಗೆ ಹೊಳೆಯುತ್ತಿತ್ತು."

ಓದುವವರು ನನ್ನ ಮೇಲೆ ಸಿಟ್ಟಾಗಬಹುದು, ಆದರೂ ನಡೆದದ್ದನ್ನು ಹೇಳುತ್ತೇನೆ. ನಾನು ಕ್ಷಮೆ ಕೇಳಿದೆ. ಎರಡು ಹಸುಗಳನ್ನು ಕಾಲುಬಾಯಿ ಜ್ವರದಿಂದ ಕಾಪಾಡಿದ್ದಕ್ಕೆ ಅತ್ತು ಕ್ಷಮೆ ಕೇಳಿದವಳು ಇಲಾಖೆಯಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಮಧ್ಯಾಹ್ನ, ಚನ್ನಗಿರಿ ಆಸ್ಪತ್ರೆಯ ಆವರಣದಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ಮತ್ತೆ ಫೋನು. ದನಿ ಬಹಳ ಕ್ಷೀಣವಾಗಿತ್ತು.

"ನಿನ್ನನ್ನು ಕ್ಷಮಿಸಿದ್ದೇನೆ. ಆದರೆ ಗಾಯ ಆರುವವರೆಗೆ ನನ್ನಿಂದ ಅನ್ನ ಮುಟ್ಟಲು ಆಗುವುದಿಲ್ಲ."

ಆ ಕ್ಷಣಕ್ಕೆ ಕಣ್ಣ ಮುಂದೆ ಬಂದದ್ದು ತಟ್ಟೆ ಚಾಚಿದ ಆ ಕೈ, ಗಲ್ಲದೊಳಗೆ ನಿಂತ ಆ ತುತ್ತು. ನನಗೆ ನಗು ಬಂತು. ತಡೆಯಲು ನೋಡಿದೆ, ಮೂಗಿನಿಂದ ಬಂತು. ಫೋನನ್ನು ದೂರ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಲ್ಲು ತೋರಿಸಿ ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಪಕ್ಕೆ ನೋಯಿತು.

"ಅಳಬೇಡ" ಎಂದರು ಮೇಷ್ಟ್ರು ಆ ಕಡೆಯಿಂದ, ಅಪಾರ ಕರುಣೆಯಿಂದ.

ನಾನು ಫೋನ್ ಕಟ್ ಮಾಡಿ ಊಟ ಮಾಡಿದೆ. ವಾರದ ಡ್ಯೂಟಿ ಮುಗಿಯುತ್ತಲೇ ರಜೆ ಹಾಕಿ ಜಗಳೂರಿಗೆ ಹೋದೆ. ಅವರ ಕಾಲ್‌ಗಳನ್ನು ಎತ್ತಲಿಲ್ಲ. ಇಲ್ಲಿಂದ ಮುಂದೆ ಅವನು ಎಂದೇ ಬರೆಯುತ್ತೇನೆ. ಇಷ್ಟು ಹೊತ್ತು ಮರ್ಯಾದೆ ಕೊಟ್ಟು ಬರೆದದ್ದು ಹಳೆಯ ಅಭ್ಯಾಸದಿಂದ.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಬಸ್ಸಾಗೆ ಸಾರು ತಗಂಡು ಹೋಗ್ತಿದ್ದೇನೆ? ಚೆಲ್ಲುತ್ತಿರ್ಲಿಲ್ಲೇನು?"

ಲೈವ್ ಲೊಕೇಶನ್ ನಿಲ್ಲಿಸುವುದನ್ನು ಮರೆತಿದ್ದೆ. ಅದನ್ನೇ ಹಿಡಿದುಕೊಂಡು ಅವನು ನಮ್ಮ ಮನೆ ಬಾಗಿಲಿಗೆ ಬಂದ. ಬೆಳಗ್ಗೆ ಒಂಬತ್ತರ ಬಿಸಿಲು, ಅಪ್ಪ ಕುರಿ ಹೊಡೆದುಕೊಂಡು ಆಗಲೇ ಹೋಗಿದ್ದ. ಇಸ್ತ್ರಿ ಮಾಡಿದ ಖಾದಿ ಜುಬ್ಬಾ, ಕೆದರಿದ ಕೂದಲು. ಕೂದಲು ಕೆದರಿದ್ದು ಬಸ್ಸಿನಲ್ಲೋ ನಮ್ಮ ಬೀದಿಯ ತಿರುವಿನಲ್ಲೋ ಹೇಳಲಾರೆ.

"ಬರ್ರಿ ಮೇಷ್ಟ್ರೆ, ಕೂತ್ಕಳ್ರಿ" ಎಂದು ಅವ್ವ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದಳು.

ಅವನು ಕೂತ. ಅಕ್ಕಪಕ್ಕದ ಬಾಗಿಲುಗಳು ತೆರೆಯುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ ಹೇಳಿದ. "ಅಮ್ಮಾ, ನಿಮ್ಮ ಮಗಳು ನನ್ನೊಂದಿಗೆ ಮಾತಾಡುವವರೆಗೆ ಈ ಅಂಗಳದಲ್ಲಿ ನಾನು ಒಂದು ಹನಿ ನೀರನ್ನೂ ಮುಟ್ಟುವುದಿಲ್ಲ."

"ಅದಕ್ಕೇನಂತೆ" ಎಂದ ಅವ್ವ ಒಳಗೆ ತಿರುಗಿ ಕೂಗಿದಳು. "ಬಾರೆ ಇಲ್ಲಿ. ಮೇಷ್ಟ್ರ ಕೂಡ ಮಾತಾಡು."

ನಾನು ಹೊರಗೆ ಬಂದೆ. ಅವನು ಇಷ್ಟು ಬೇಗ ನನ್ನನ್ನು ನಿರೀಕ್ಷಿಸಿರಲಿಲ್ಲ.

"ಏನು, ಹೇಳ್ರಿ" ಎಂದೆ.

"ಹೀಗಲ್ಲ. ಮನಸ್ಸು ಬಿಚ್ಚಿ ಮಾತಾಡು."

"ನಂಗೆ ನಿಮ್ಮ ಕೂಡ ಇರಾಕೆ ಮನಸ್ಸಿಲ್ಲ. ಬಿಚ್ಚಾಕೆ ಇಷ್ಟೇ ಐತೆ."

ಅವ್ವ ನೀರಿನ ಚೊಂಬು ತಂದಿಟ್ಟಳು. "ಮಾತಾಡಿದ್ಳಲ್ಲ ಮೇಷ್ಟ್ರೆ, ಇನ್ನು ನೀರು ಕುಡೀರಿ."

ಅವನು ಮುಖ ತಿರುಗಿಸಿದ. ಅವ್ವ ಬಲವಂತ ಮಾಡಲಿಲ್ಲ. ಮೊರ ಎಳೆದುಕೊಂಡು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತಳು. ಇದು ಅವನಿಗೆ ಹೊಸದು. ಅವನ ಉಪವಾಸದಲ್ಲಿ ಎದುರಿಗೊಬ್ಬರು ಅಳಬೇಕು, ಕೈ ಹಿಡಿಯಬೇಕು, ತುತ್ತು ಕಲಸಬೇಕು. ಇಲ್ಲಿ ಟಕ್ ಟಕ್ ಎಂದು ಶೇಂಗಾ ಒಡೆಯುವ ಸದ್ದು ಮಾತ್ರ.

ಎದುರು ಮನೆಯ ಹೆಂಗಸು ಬಂದು ಅವ್ವನ ಪಕ್ಕ ಕೂತಳು. "ಯಾರಕ್ಕ ಇವರು? ಗಣತಿಯೋರಾ?"

"ಅಲ್ಲವ್ವ. ಉಪಾಸ ಅದಾರೆ."

"ಯಾವ ದೇವರಿಗೆ?"

"ನಮ್ಮ ಹುಡುಗಿಗೆ."

ಆ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು. ಹೊತ್ತು ಏರಿದಂತೆ ನೆರಳು ಸರಿಯಿತು. "ಬಿಸಿಲು ಬಂತು, ಕುರ್ಚಿ ಈ ಕಡೆ ಎಳ್ಕಳ್ರಿ" ಎಂದು ಅವ್ವ ಆಗಾಗ ಹೇಳುತ್ತಿದ್ದಳು. ಅವನು ಎದ್ದು ಎಳೆದುಕೊಳ್ಳುತ್ತಿದ್ದ. ಹೀಗೆ ಮರದ ಸುತ್ತ ಅರ್ಧ ಸುತ್ತು ಬಂದ.

ಮಧ್ಯಾಹ್ನ ಅವ್ವ ನನ್ನನ್ನು ಒಳಗೆ ಕರೆದು ತಟ್ಟೆ ಮುಂದಿಟ್ಟಳು. ನಾನು ತಟ್ಟೆ ಮುಟ್ಟಲಿಲ್ಲ. ಹೊರಗೆ ಒಬ್ಬ ಮನುಷ್ಯ ಹಸಿದು ಕೂತಿದ್ದಾನೆ ಎಂಬುದೇ ತಲೆಯಲ್ಲಿ.

"ಉಣ್ಣು" ಎಂದಳು ಅವ್ವ. "ಅವನು ಬಿಟ್ಟಿದ್ದು ಅವನ ಊಟ, ನಿಂದಲ್ಲ."

ಉಂಡೆ. ಅಳುತ್ತಾ ಉಂಡೆ, ಆದರೆ ಉಂಡೆ.

ನಾವು ಹೊರಗೆ ಬಂದಾಗ ಅವನು ಕೊನೆಯ ಅಸ್ತ್ರ ತೆಗೆದ. "ನನಗೇನಾದರೂ ಆದರೆ ಅದಕ್ಕೆ ನೀನೇ ಹೊಣೆ" ಎಂದ, ಎದೆಯ ಮೇಲೆ ಕೈಯಿಟ್ಟುಕೊಂಡು.

ಅವ್ವ ಸೆರಗಿನ ಸಿಪ್ಪೆ ಕೊಡವಿದಳು. "ಏನಾಗಾಕೂ ಬಿಡಂಗಿಲ್ಲ ಮೇಷ್ಟ್ರೆ. ಆಸ್ಪತ್ರೆ ಹತ್ರನೇ ಐತೆ. ನಿಮ್ಮ ತಾಯೋರ ನಂಬರ್ ಕೊಡ್ರಿ. ನಿಮ್ಮ ಮಗ ಹಿಂಗೆ ಊಟ ಬಿಟ್ಟು ನಮ್ಮನೆ ಮುಂದೆ ಕುಂತಾನೆ, ಬಂದು ಕರ್ಕಂಡು ಹೋಗ್ರಿ ಅಂತ ಹೇಳ್ತೀನಿ. ಹೆತ್ತೋರಿಗೆ ಗೊತ್ತಿರಬೇಕಲ್ಲ."

ಅವನ ಕೈ ಎದೆಯಿಂದ ಕೆಳಗಿಳಿಯಿತು. ಆಮೇಲೆ ಎದುರು ಮನೆಯ ಹೆಂಗಸನ್ನು ಕೇಳಿದ. ವ್ಯಾಕರಣವೆಲ್ಲ ಬಿಸಿಲಿಗೆ ಒಣಗಿಹೋಗಿತ್ತು.

"ದಾವಣಗೆರೆ ಬಸ್ಸು ಎಷ್ಟೊತ್ತಿಗೈತೆ?"

ಅವನು ಹೋದ. ಅಷ್ಟಕ್ಕೇ ಸುಮ್ಮನಾದನೆಂದಲ್ಲ. ಬೇರೆ ಬೇರೆ ನಂಬರುಗಳಿಂದ ಸಂದೇಶ ಬಂದವು. ಅವನ ಜೊತೆಯ ಒಬ್ಬ ಉಪನ್ಯಾಸಕ ಫೋನ್ ಮಾಡಿ, ಅಂಥ ಸೂಕ್ಷ್ಮ ಮನಸ್ಸಿನ ಮನುಷ್ಯನನ್ನು ನೋಯಿಸಬಾರದಿತ್ತು ಎಂದು ಬುದ್ಧಿ ಹೇಳಿದ. ಇಷ್ಟೆಲ್ಲ ಕಾಳಜಿಯಿದ್ದರೆ ನೀವೇ ಕ್ಯಾರಿಯರ್ ತೆಗೆದುಕೊಂಡು ಹೋಗಿರೆಂದೆ. ಮುಂದಿನ ಸಂದೇಶ ಬಂದರೆ ಪೊಲೀಸ್ ಸ್ಟೇಷನ್ನಿಗೂ, ಅಲ್ಲಿಂದ ನೇರ ನಿಮ್ಮ ಮನೆಯ ಹಿತ್ತಿಲಿಗೂ ಬರುತ್ತೇನೆ ಎಂದು ಅವನಿಗೆ ಒಂದೇ ಒಂದು ಸಲ ಬರೆದೆ. ಸ್ಟೇಷನ್ನಿಗೆ ಹೆದರಿದನೋ ಹಿತ್ತಿಲಿಗೋ, ಸಂದೇಶ ನಿಂತವು.

ಗೆದ್ದೆ ಎಂದು ಕುಣಿಯುವ ಹಾಗೇನೂ ಇರಲಿಲ್ಲ. ಎಷ್ಟೋ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಕೈ ತಡೆಯುತ್ತಿತ್ತು. ಫೋನು ಸುಮ್ಮನಿದ್ದರೆ ಏನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತಿತ್ತು. ನಾಚಿಕೆಗೆಟ್ಟ ಮನಸ್ಸು ಒಂದೆರಡು ಸಲ ಅವನ ದನಿಯನ್ನೂ ನೆನೆಯಿತು.

ಒಂದು ಭಾನುವಾರ ಹೊನ್ನಾಳಿಗೆ ಹೋಗಿ ಗೆಳತಿಯ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಅವಳೇ ಮೊದಲು ಬಾಯಿ ತೆರೆದಳು.

"ನನ್ನ ಕುಕ್ಕರ್ ತಂದಿದಿಯಾ?" ಎಂದಳು. ಮನೆ ಬಿಡುವಾಗ ಅವಳ ಕುಕ್ಕರ್ ನನ್ನ ಸಾಮಾನಿನ ಜೊತೆ ಹೋಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

"ಇಲ್ಲ."

"ಹಂಗಾದ್ರೆ ಅದನ್ನ ತಗಂಡು ನೀನೂ ಬಾ. ಆ ಸಣ್ಣ ಪಾತ್ರೆಯಾಗೆ ಬೇಳೆ ಬೇಯಿಸಿ ಸಾಕಾಗೈತೆ ನಂಗೆ."

ಮುಂದಿನ ವಾರ ಕುಕ್ಕರ್ ಸಮೇತ ಹೋದೆ. ನಡೆದದ್ದನ್ನು ಅವಳು ತುಂಡು ತುಂಡಾಗಿ ಕೇಳಿ ತಿಳಿದುಕೊಂಡಳು. ಬೇವಿನ ಮರದ ಭಾಗವನ್ನು ಮಾತ್ರ ಇವತ್ತಿಗೂ ತಿಂಗಳಿಗೊಮ್ಮೆ ಹೇಳಿಸುತ್ತಾಳೆ.

ಪೂರ್ತಿ ವಾಸಿಯಾಗಿದ್ದೇನೆಯೇ, ಗೊತ್ತಿಲ್ಲ. ಹೋದ ತಿಂಗಳು ರಜೆ ಕೇಳಲು ಹೋದಾಗ ನಮ್ಮ ಡಾಕ್ಟರು, "ಹೋಗಿ ಬಾರಮ್ಮ, ನನಗೇನೂ ಬೇಜಾರಿಲ್ಲ" ಎಂದರು. ಅವರು ಸರಳ ಮನುಷ್ಯ, ಆ ಮಾತಿಗೆ ಅಷ್ಟೇ ಅರ್ಥ. ಬೇಜಾರಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ, ಅದರ ಹಿಂದೆ ಒಂದು ಉಪವಾಸ ಬರುತ್ತದೆಂದು ನನಗನ್ನಿಸಿತು. ರಜೆ ಬೇಡ ಬಿಡಿ ಸಾರ್ ಎಂದು ಹೊರಗೆ ಬಂದೆ. ಸ್ಕೂಟಿಯ ಹತ್ತಿರ ಬಂದ ಮೇಲೆ ನಾನು ಏನು ಮಾಡಿದೆ ಎಂಬುದು ಹೊಳೆಯಿತು. ವಾಪಸು ಒಳಗೆ ಹೋದೆ.

"ಸಾರ್, ರಜೆ ಬೇಕು."

"ಈಗಷ್ಟೇ ಬ್ಯಾಡ ಅಂದ್ಯಲ್ಲಮ್ಮ."

"ಈಗ ಬೇಕು."

ಅವರು ತಲೆ ಕೆರೆದುಕೊಂಡು ಸಹಿ ಹಾಕಿದರು. ಯಾಕೆಂದು ಕೇಳಲಿಲ್ಲ. ಕೇಳಿದ್ದರೂ ಹೇಳಲು ದೊಡ್ಡ ಕಾರಣವೇನೂ ಇರಲಿಲ್ಲ. ಗೆಳತಿಗೂ ಅವತ್ತು ರಜೆಯಿತ್ತು, ನಾವಿಬ್ಬರೂ ದಾವಣಗೆರೆಗೆ ಹೋಗಿ ಕಿಟಕಿಗೆ ಪರದೆ ಬಟ್ಟೆ ತರುವುದಿತ್ತು. ಅವಳಿಗೆ ಹಸಿರು ಬೇಕು, ನನಗೆ ಹಳದಿ. ಅಂಗಡಿಯಲ್ಲಿ ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಅವಳು ಮುಖ ಊದಿಸಿಕೊಂಡಳು, ನಾನು ಸುಮ್ಮನೆ ಹಳದಿಯನ್ನೇ ಕಟ್ಟಿಸಿಕೊಂಡು ಬಂದೆ.